ಹತ್ತು ಮನೆ, ಒಂದು ಸೀಸೆ ಲಸಿಕೆ: ಹಿತ್ತಲ ಕೋಳಿಯ ಪಾಠ



ಹಿತ್ತಲಲ್ಲಿ ನಾಲ್ಕು ಕೋಳಿ ಇಲ್ಲದ ಒಕ್ಕಲು ಮನೆ ನಮ್ಮ ಕಡೆ ಅಪರೂಪ. ರಾಗಿ ಮಾರಿದ ಹಣ ಗೊಬ್ಬರಕ್ಕೆ, ಸಾಲಕ್ಕೆ ಹೋಗುತ್ತದೆ. ಕೋಳಿ ಮಾರಿದ ಹಣ ಮನೆಯಾಕೆಯ ಸೆರಗಿನ ಗಂಟಿನಲ್ಲಿ ಉಳಿಯುತ್ತದೆ. ಮಗುವಿನ ಪುಸ್ತಕ, ಔಷಧ, ತವರಿಗೆ ಹೋಗಿಬರುವ ಬಸ್ಸಿನ ಖರ್ಚು ಅದರಿಂದಲೇ. ಆದುದರಿಂದ ಕೋಳಿ ಸತ್ತರೆ ಪೆಟ್ಟು ಮೊದಲು ಬೀಳುವುದು ಆಕೆಗೆ.

ಹಳ್ಳಿ ಸುತ್ತುವಾಗ ನಾನು ಮತ್ತೆ ಮತ್ತೆ ಕೇಳುವ ಮಾತು: "ಹತ್ತು ಮರಿ ತಂದೆವು ಸ್ವಾಮಿ, ನಾಲ್ಕು ಉಳಿದವು. ನಮ್ಮ ಹಣೆಬರಹ." ಹಾಗಾದಾಗ ಸತ್ತ ಆರು ಮರಿಗಳ ಖರ್ಚನ್ನೂ ಉಳಿದ ನಾಲ್ಕೇ ಹೊರಬೇಕು, ಲಾಭವೆಲ್ಲಿಂದ ಬಂದೀತು? ಆದರೆ ಇದು ಹಣೆಬರಹವಲ್ಲ. ಮರಿಗಳು ಸಾಯುವುದಕ್ಕೆ ದೊಡ್ಡ ಕಾರಣಗಳು ಎರಡು: ಮೊದಲ ವಾರಗಳ ಚಳಿ, ಆಮೇಲೆ ಬರುವ ಕೊಕ್ಕರೆ ರೋಗ. ಚಳಿಯನ್ನು ನಿಮ್ಮ ಮನೆಯವರೇ ತಡೆಯಬಹುದು. ರೋಗವನ್ನು ತಡೆಯಲು ನೆರೆಹೊರೆ ಒಂದಾಗಬೇಕು.

ಯಾವ ಮರಿ? ಯಾವಾಗ?

ನಾಟಿ ಕೋಳಿ ಗಟ್ಟಿಮುಟ್ಟು, ಕಾವಿಗೆ ಕೂರುತ್ತದೆ. ಆದರೆ ಬೆಳವಣಿಗೆ ನಿಧಾನ. ಹಿತ್ತಲಲ್ಲಿ ಸಾಕಲೆಂದೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹೆಬ್ಬಾಳದಲ್ಲಿ ಗಿರಿರಾಜ ತಳಿಯನ್ನು ಬೆಳೆಸಿ 1989ರಲ್ಲಿ ಹೊರತಂದರು. ಅನಂತರ ಸ್ವರ್ಣಧಾರ ಬಂದಿತು. ಇವುಗಳಿಗೆ ಬಣ್ಣದ ಗರಿ. ನಾಟಿಗಿಂತ ಬೇಗ ತೂಗುತ್ತವೆ. ಗಿರಿರಾಜ ಹೇಂಟೆ ಕಾವಿಗೆ ಕೂರುವುದಿಲ್ಲ. ಮರಿ ಮಾಡಿಸಬೇಕಾದರೆ ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗೆ ಇಡಬೇಕು. ಇಪ್ಪತ್ತೊಂದು ದಿನಕ್ಕೆ ಒಡೆಯುತ್ತದೆ. ಆದುದರಿಂದ ನಾಟಿ ಹೇಂಟೆಯನ್ನು ಮನೆಯಿಂದ ಕಳಿಸಬೇಡಿ.

ಯುಗಾದಿಯ ಮರುದಿನದ ಹೊಸತೊಡಕಿಗೆ ಕೋಳಿಗೆ ಒಳ್ಳೆಯ ಗಿರಾಕಿ. ಕಾರ್ತಿಕ ಕಳೆದೊಡನೆ ಮರಿ ತಂದರೆ ನಾಲ್ಕು ತಿಂಗಳಲ್ಲಿ ಹಬ್ಬಕ್ಕೆ ಸಿದ್ಧ. ಆದರೆ ಅದು ಚಳಿಗಾಲ. ಅದಕ್ಕೆಂದೇ ಮುಂದಿನ ಮಾತು.

ಮೊದಲ ನಾಲ್ಕು ವಾರದ ಕಾವು

ತಾಯಿಯಿಲ್ಲದ ಮರಿಗೆ ನಾವೇ ತಾಯಿ. ದೊಡ್ಡ ಬಿದಿರು ಬುಟ್ಟಿಯನ್ನೋ ರಟ್ಟಿನ ಪೆಟ್ಟಿಗೆಯನ್ನೋ ತೆಗೆದುಕೊಂಡು, ತಳಕ್ಕೆ ಎರಡು ಅಂಗುಲ ಒಣ ಭತ್ತದ ಹೊಟ್ಟು ಹರಡಿ, ಮೇಲೆ ಬಲ್ಬು ತೂಗುಹಾಕಿ. ಹತ್ತು ಹದಿನೈದು ಮರಿಗೆ 60 ವ್ಯಾಟಿನ ಹಳೆಯ ಮಾದರಿಯ ತಂತಿ ಬಲ್ಬು ಸಾಕು. ಎಲ್‌ಇಡಿ ಬಲ್ಬು ಬೆಳಕು ಕೊಟ್ಟೀತು, ಮರಿಗೆ ಬೇಕಾದಷ್ಟು ಶಾಖ ಕೊಡುವುದಿಲ್ಲ. ಮೊದಲ ವಾರ ಮರಿಗಳ ಮಟ್ಟದಲ್ಲಿ 35 ಡಿಗ್ರಿ ಸೆಲ್ಸಿಯಸ್ ಬೇಕು. ಮುಂದೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ ಹೋಗಿ.

ಉಷ್ಣಮಾಪಕ ಇಲ್ಲದಿದ್ದರೆ ಮರಿಗಳನ್ನೇ ನೋಡಿ. ಬಲ್ಬಿನ ಕೆಳಗೆ ಒಂದರ ಮೇಲೊಂದು ಮುದುಡಿದರೆ ಚಳಿ, ಬಲ್ಬು ಇಳಿಸಿ. ದೂರ ಸರಿದು ಬಾಯಿ ತೆರೆದರೆ ಸೆಕೆ, ಬಲ್ಬು ಏರಿಸಿ. ಅಲ್ಲಲ್ಲಿ ಹರಡಿ ಮೇಯುತ್ತಿದ್ದರೆ ಕಾವು ಸರಿ. ರಾತ್ರಿ ವಿದ್ಯುತ್ ಹೋದರೆ ಬಿಸಿನೀರಿನ ಸೀಸೆಗೆ ಬಟ್ಟೆ ಸುತ್ತಿ ಒಳಗಿಡಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಬೇಡಿ. ಅದರ ವಿಷಗಾಳಿ ಮರಿಗೂ ಮನುಷ್ಯರಿಗೂ ಅಪಾಯ.

ಮೇವು, ನೀರು

ಮೊದಲ ಆರು ವಾರ ಮರಿಗಳಿಗೆಂದೇ ಸಿಗುವ ಆಹಾರ ಕೊಡಿ. ಬರಿಯ ನುಚ್ಚಿನಿಂದ ಮರಿ ಬದುಕಬಹುದು, ಬೆಳೆಯದು. ದೊಡ್ಡವಾದ ಮೇಲೆ ಹಿತ್ತಲ ಹುಳು, ಸೊಪ್ಪು, ಅಡುಗೆಮನೆಯ ಉಳಿಕೆಯ ಜೊತೆಗೆ ಸಂಜೆ ಒಂದೊಂದು ಹಿಡಿ ಜೋಳ ಅಥವಾ ರಾಗಿ ಸಾಕು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು "ದನಕ್ಕೆ ಬೇಡವಾದರೆ ಕೋಳಿಗಾದರೂ ಆಗಲಿ" ಎಂದು ಹಾಕಬೇಡಿ. ಆ ಬೂಷ್ಟಿನ ವಿಷ ಕೋಳಿಯ ಯಕೃತ್ತನ್ನು ಕೆಡಿಸುತ್ತದೆ. ನೀರನ್ನು ದಿನಕ್ಕೆ ಎರಡು ಬಾರಿ ಬದಲಿಸಿ. ಹೊಟ್ಟು ಒದ್ದೆಯಾದರೆ ತೆಗೆದುಹಾಕಿ.

ಕೊಕ್ಕರೆ ರೋಗ

ಇದಕ್ಕೆ ರಾಣಿಖೇತ್ ರೋಗವೆಂದೂ ಹೆಸರು. ಬಿಳಿ ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚುವುದು ಇದರ ಗುರುತು. ಬಂದ ಮೇಲೆ ಔಷಧವಿಲ್ಲ. ಬಾರದಂತೆ ಲಸಿಕೆಯುಂಟು: ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ, ಇಪ್ಪತ್ತೆಂಟನೆಯ ದಿನದ ಹೊತ್ತಿಗೆ ಇನ್ನೊಮ್ಮೆ, ಎಂಟನೆಯ ವಾರ ಸೂಜಿ ಮದ್ದು. ಗಂಬೋರೋ ಎಂಬ ಇನ್ನೊಂದು ರೋಗಕ್ಕೆ ಹದಿನಾಲ್ಕನೆಯ ದಿನದ ಸುಮಾರಿಗೆ ಲಸಿಕೆ. ಪಶು ಆಸ್ಪತ್ರೆಯವರನ್ನು ಕೇಳಿ ದಿನಗಳನ್ನು ಗೊತ್ತುಮಾಡಿಕೊಳ್ಳಿ.

ಇಲ್ಲೊಂದು ತೊಡಕಿದೆ. ಲಸಿಕೆಯ ಸೀಸೆ ಸಾಮಾನ್ಯವಾಗಿ ನೂರು ಅಥವಾ ಹೆಚ್ಚು ಮರಿಗಳ ಲೆಕ್ಕದಲ್ಲಿ ಬರುತ್ತದೆ. ಒಮ್ಮೆ ಕಲಸಿದರೆ ಎರಡು ಗಂಟೆಯೊಳಗೆ ಮುಗಿಯಬೇಕು. ಉಳಿದದ್ದು ಕೆಲಸಕ್ಕೆ ಬಾರದು. ಹತ್ತು ಮರಿಯ ಒಂದು ಮನೆಗಾಗಿ ಸೀಸೆ ಒಡೆಯಲು ಯಾರೂ ಮನಸ್ಸು ಮಾಡುವುದಿಲ್ಲ. ಹೀಗಾಗಿಯೇ ಎಷ್ಟೋ ಹಿತ್ತಲುಗಳಿಗೆ ಲಸಿಕೆ ತಲುಪುವುದಿಲ್ಲ. ಪರಿಹಾರ ನಿಮ್ಮ ಕೈಯಲ್ಲೇ ಇದೆ. ಹತ್ತು ಮನೆಯವರು ಕೂಡಿ ಒಂದೇ ದಿನ ಹತ್ತು ಹತ್ತು ಮರಿ ತನ್ನಿ. ಆಗ ಎಲ್ಲ ಮರಿಗಳಿಗೂ ಒಂದೇ ವಯಸ್ಸು, ಒಂದೇ ಲಸಿಕೆಯ ದಿನ, ಒಂದೇ ಸೀಸೆ. ಮಹಿಳಾ ಸಂಘದ ಸಭೆಯಲ್ಲಿ ಈ ಮಾತೆತ್ತಿ. ಸೀಸೆಯನ್ನು ಮಂಜುಗಡ್ಡೆ ಹಾಕಿದ ಥರ್ಮಾಸ್ ಫ್ಲಾಸ್ಕಿನಲ್ಲಿ ತರಬೇಕು. ಬಿಸಿಲೇರುವ ಮುನ್ನ ಕೆಲಸ ಮುಗಿಸಬೇಕು. ಕಾಯಿಲೆ ಮರಿಗೆ ಹಾಕಬಾರದು. ಒಬ್ಬರು ಮನೆ ಮನೆಗೆ ಹೊರಡುವ ಬದಲು ಎಲ್ಲರೂ ಮರಿಗಳನ್ನು ಬುಟ್ಟಿಯಲ್ಲಿ ಒಂದೆಡೆ ತಂದರೆ ಹೊತ್ತು ಉಳಿಯುತ್ತದೆ. ಆದರೆ ಕಾಯಿಲೆಯ ಗುಮಾನಿಯಿರುವ ಮನೆಯವರು ಅಂದು ಬರಬಾರದು.

ಲಸಿಕೆಯ ಜೊತೆಗೆ ನೆರೆಹೊರೆಯ ನಿಯಮವೂ ಬೇಕು. ಸಂತೆಯಿಂದ ತಂದ ಕೋಳಿಯನ್ನು ಎರಡು ವಾರ ಬೇರೆಯಾಗಿ ಕಟ್ಟಿ. ಕಾಯಿಲೆ ಕೋಳಿಯನ್ನು "ಸಾಯುವ ಮೊದಲು ನಾಲ್ಕು ಕಾಸು ಬರಲಿ" ಎಂದು ಸಂತೆಗೆ ಒಯ್ಯಬೇಡಿ. ಆ ನಾಲ್ಕು ಕಾಸಿಗೆ ಇನ್ನೊಂದು ಊರಿನ ಹಿತ್ತಲು ಬರಿದಾಗುತ್ತದೆ. ಸತ್ತದ್ದನ್ನು ಕೆರೆಗೆ, ತಿಪ್ಪೆಗೆ ಎಸೆಯದೆ ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಿ. ಒಮ್ಮೆಗೇ ಅನೇಕ ಕೋಳಿಗಳು ಸತ್ತರೆ ಹಕ್ಕಿಜ್ವರವೂ ಇರಬಹುದು; ಅವನ್ನು ಮುಟ್ಟದೆ ತಕ್ಷಣ ಪಶು ಆಸ್ಪತ್ರೆಗೆ ತಿಳಿಸಿ.

ರಾತ್ರಿಯ ಗೂಡು

ಗೂಡು ನೆಲದಿಂದ ಎರಡಡಿ ಎತ್ತರವಿರಲಿ, ಗಾಳಿಯಾಡಲಿ, ಬಾಗಿಲು ಭದ್ರವಿರಲಿ. ಹೆಗ್ಗಣ, ಮುಂಗುಸಿ, ಕಾಡುಬೆಕ್ಕು ಬಿಟ್ಟ ಸಂದನ್ನೇ ಹುಡುಕುತ್ತವೆ.

ಕೊನೆಗೆ ಒಂದು ಕೆಲಸ. ಮಗುವಿನ ಹಳೆಯ ನೋಟುಬುಕ್ಕಿನಲ್ಲಿ ನಾಲ್ಕು ಸಾಲು ಎಳೆಯಿರಿ: ತಂದ ಮರಿ, ಸತ್ತ ಮರಿ, ಖರ್ಚು, ಮಾರಿದ ಹಣ. ಮನೆಯಲ್ಲಿ ತಿಂದ ಮೊಟ್ಟೆಯನ್ನೂ ಹಣವೆಂದೇ ಬರೆಯಿರಿ; ಅದು ಮಕ್ಕಳ ಮೈಗೆ ಸೇರಿದ ಲಾಭ. ಹೊಸತೊಡಕು ಕಳೆದ ಮೇಲೆ ಹತ್ತು ಮನೆಯ ಪುಸ್ತಕಗಳನ್ನು ಒಟ್ಟಿಗೆ ಓದಿ ನೋಡಿ. "ಸತ್ತ ಮರಿ" ಎಂಬ ಸಾಲು ಯಾರ ಮನೆಯಲ್ಲಿ ಖಾಲಿಯಿದೆಯೋ ಅವರೇ ಮುಂದಿನ ವರ್ಷ ನಿಮಗೆ ಪಾಠ ಹೇಳುವವರು.