ನಕ್ಷತ್ರ ನೋಡಲು ಗಾಳಿಯೂ ಒಪ್ಪಬೇಕು



2025ರ ಸೆಪ್ಟೆಂಬರ್ 7ರ ರಾತ್ರಿ ಪೂರ್ಣ ಚಂದ್ರಗ್ರಹಣ ಇತ್ತು. ಚಂದ್ರ ಕೆಂಪಗಾಗುವುದನ್ನು ನೋಡಬೇಕೆಂದು ನಾವು ಐದು ಜನ ಮನೆಯಲ್ಲಿ ಹಟ ಮಾಡಿ ಶಾಲೆಯ ಮೈದಾನಕ್ಕೆ ಬಂದಿದ್ದೆವು. ಸರಿಯಾಗಿ ಹನ್ನೊಂದು ಗಂಟೆಗೆ ಮೋಡ ಮುಚ್ಚಿತು. ಹನ್ನೆರಡೂವರೆವರೆಗೆ ಕಾದರೂ ಸರಿಯಲಿಲ್ಲ. ನನಗೆ ಅಳುವೇ ಬಂತು. ಮರುದಿನ ಮೇಷ್ಟ್ರು, "ನಿಮಗಿಂತ ಹೆಚ್ಚು ಕಾದವನೊಬ್ಬ ಇದ್ದ ಕಣ್ರೋ" ಎಂದು ಈ ಸಂಗತಿ ಹೇಳಿದರು.

ಫ್ರಾನ್ಸ್ ದೇಶದ ಲೆ ಜೆಂಟಿಲ್ ಎಂಬ ವಿಜ್ಞಾನಿ 1761ರಲ್ಲಿ ಶುಕ್ರಗ್ರಹ ಸೂರ್ಯನ ಮುಂದೆ ಹಾದುಹೋಗುವುದನ್ನು ನೋಡಲು ಪಾಂಡಿಚೇರಿಗೆ ಹೊರಟ. ಯುದ್ಧ ನಡೆಯುತ್ತಿದ್ದುದರಿಂದ ಇಳಿಯಲಾಗಲಿಲ್ಲ. ತೂಗಾಡುವ ಹಡಗಿನಿಂದ ಸರಿಯಾಗಿ ಅಳೆಯಲೂ ಆಗಲಿಲ್ಲ. ಊರಿಗೆ ಹೋಗದೆ ಎಂಟು ವರ್ಷ ಕಾದ. 1769ರ ಜೂನ್ 4ರ ಬೆಳಿಗ್ಗೆ ಪಾಂಡಿಚೇರಿಯಲ್ಲಿ ದುರ್ಬೀನು ಇಟ್ಟು ಕುಳಿತ. ಆಗಲೇ ಮೋಡ! ಶುಕ್ರ ದಾಟಿಹೋದ ಮೇಲೆ ಬಿಸಿಲು ಬಂತು. ಮುಂದಿನ ಅವಕಾಶ ಇದ್ದದ್ದು 1874ಕ್ಕೆ.

ಮೋಡ ಇಲ್ಲದಿದ್ದರೆ ಸಾಕೇ? ಸಾಲದು. ಇನ್ನೂ ನಾಲ್ಕು ತೊಂದರೆಗಳಿವೆ.

1. ಮಿನುಗು: ಒಲೆಯ ಬಿಸಿಗಾಳಿಯ ಆಚೆ ಇಟ್ಟ ಪಾತ್ರೆ ನಡುಗಿದಂತೆ ಕಾಣುತ್ತದಲ್ಲ, ಹಾಗೆಯೇ ಬಿಸಿ ಮತ್ತು ತಂಪು ಗಾಳಿ ಕಲೆಯುವಾಗ ನಕ್ಷತ್ರದ ಬೆಳಕು ಅಲುಗುತ್ತದೆ. ದುರ್ಬೀನಿನಲ್ಲಿ ಈ ಅಲುಗಾಟ ಇನ್ನೂ ದೊಡ್ಡದಾಗಿ ಕಾಣುತ್ತದೆ.

2. ದೂಳು, ಹೊಗೆ: ಬೇಸಿಗೆಯ ದೂಳು, ದೀಪಾವಳಿಯ ಪಟಾಕಿ ಹೊಗೆ ಇವು ಮಸುಕಾದ ನಕ್ಷತ್ರಗಳನ್ನು ಮರೆಮಾಡುತ್ತವೆ. ದಿಗಂತದ ಹತ್ತಿರ ನೋಡುವಾಗ ಬೆಳಕು ಹೆಚ್ಚು ಗಾಳಿಯನ್ನು ದಾಟಿ ಬರಬೇಕು. ಆದ್ದರಿಂದ ನೆತ್ತಿಯ ಮೇಲೆ ಬಂದಾಗ ನೋಡುವುದು ಒಳ್ಳೆಯದು. ಮಳೆ ಸುರಿದು ನಿಂತರೆ ದೂಳು ತೊಳೆದುಹೋಗಿ ಆಕಾಶ ಫಳಫಳ ಅನ್ನುತ್ತೆ.

3. ಇಬ್ಬನಿ: ಚಳಿಗಾಲದಲ್ಲಿ ದುರ್ಬೀನಿನ ಗಾಜಿನ ಮೇಲೆ ಇಬ್ಬನಿ ಕೂರುತ್ತದೆ. ಗಾಜಿನ ಮುಂದೆ ರಟ್ಟಿನ ಕೊಳವೆ ಸುತ್ತಿದರೆ ತಡವಾಗಿ ಕೂರುತ್ತದೆ.

4. ಗುಡಿ: "ಚಂದ್ರ ಗುಡಿ ಕಟ್ಟಿದಾನೆ, ಮಳೆ ಬರುತ್ತೆ" ಎಂದು ನಮ್ಮಜ್ಜಿ ಹೇಳುತ್ತಾಳೆ. ಬಹಳ ಎತ್ತರದ ತೆಳು ಮೋಡದಲ್ಲಿರುವ ಮಂಜಿನ ಹರಳುಗಳಿಂದ ಚಂದ್ರನ ಸುತ್ತ ದೊಡ್ಡ ಬಳೆ ಕಾಣುತ್ತದೆ. ಅಂದು ಸಣ್ಣ ನಕ್ಷತ್ರಗಳು ಸಿಗುವುದಿಲ್ಲ.

ಇದಕ್ಕಾಗಿಯೇ ನಮ್ಮ ವಿಜ್ಞಾನಿಗಳು ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ ದೊಡ್ಡ ದುರ್ಬೀನು ಇಟ್ಟಿದ್ದಾರೆ. ಅಲ್ಲಿ ಗಾಳಿ ತೆಳು, ತೇವ ಕಡಿಮೆ. ಅದನ್ನು ನಡೆಸುವುದು ನಮ್ಮ ಹೊಸಕೋಟೆಯ ಕೇಂದ್ರದಿಂದ, ಉಪಗ್ರಹದ ಮೂಲಕ!

ಮಾಡಿ ನೋಡಿ: ಚಳಿಗಾಲದ ರಾತ್ರಿ ಎಂಟು ಗಂಟೆಗೆ ಕೃತ್ತಿಕೆಯ ಗೊಂಚಲಿನಲ್ಲಿ ಎಷ್ಟು ನಕ್ಷತ್ರ ಕಾಣುತ್ತವೆ ಎಂದು ದಿನವೂ ಎಣಿಸಿ ಬರೆಯಿರಿ. ಜೊತೆಗೆ ಮೋಡ, ಹೊಗೆ, ಇಬ್ಬನಿ, ಬೆಳದಿಂಗಳು ಇತ್ತೇ ಎಂದೂ ಬರೆಯಿರಿ. ನನಗೆ ಹೊಗೆಯಿದ್ದ ದಿನ ನಾಲ್ಕು, ಮಳೆ ಬಂದು ಹೋದ ಮರುದಿನ ಆರು ಕಂಡವು. ಕಣ್ಣು ಅದೇ, ಗಾಳಿ ಬೇರೆ.

2028ರ ಡಿಸೆಂಬರ್ 31ರ ರಾತ್ರಿ ಮತ್ತೆ ಪೂರ್ಣ ಚಂದ್ರಗ್ರಹಣ ಇದೆ. ಆಗ ನಾವು ಹತ್ತನೇ ತರಗತಿ. ಡಿಸೆಂಬರಿನಲ್ಲಿ ನಮ್ಮ ಕಡೆ ಮೋಡ ಕಡಿಮೆ. ಲೆ ಜೆಂಟಿಲ್ ಎಂಟು ವರ್ಷ ಕಾದ, ನಾವು ಮೂರು ವರ್ಷ ಕಾಯಲಾರೆವೇ? ಅದೇ ಮೈದಾನಕ್ಕೆ ಎಲ್ಲರೂ ಬನ್ನಿ.

– 7ನೇ ತರಗತಿ ವಿದ್ಯಾರ್ಥಿನಿ