ಬಸ್ಸು ನಿಲ್ಲಿಸಿದ್ದು ಅವರು, ಟಿಕೆಟ್ ರದ್ದು ಮಾಡಬೇಕಾದವರು ನೀವಲ್ಲ

ದೀಪಾವಳಿ ಮುಗಿದ ವಾರ, ಸಂಕ್ರಾಂತಿ ಮುಗಿದ ವಾರ, ಬೇಸಿಗೆ ರಜೆಯ ನಡುವೆ, ನಂಜನಗೂಡು ಮತ್ತು ತಿ. ನರಸೀಪುರದ ನ್ಯಾಯಾಲಯಗಳ ಆವರಣದಲ್ಲಿ ವಕೀಲರನ್ನು ಹುಡುಕಿಕೊಂಡು ಬರುವವರಲ್ಲಿ ಬಸ್ಸಿನ ದುಡ್ಡು ಕಳೆದುಕೊಂಡವರು ಇದ್ದೇ ಇರುತ್ತಾರೆ. ಕತೆ ಹೆಚ್ಚುಕಡಿಮೆ ಒಂದೇ. ಮೈಸೂರಿನಿಂದ ಹೊರಡುವ ಖಾಸಗಿ ಸ್ಲೀಪರಿನಲ್ಲಿ ಮೊದಲೇ ಸೀಟು ಮಾಡಿಸಿರುತ್ತಾರೆ. ಹೊರಡುವ ದಿನ ಮಧ್ಯಾಹ್ನ ಫೋನು ಬರುತ್ತದೆ: "ಸಾರ್, ಹಬ್ಬದ ರಶ್ಶು, ಟೈಮಿಂಗ್ ಚೇಂಜ್ ಆಗಿದೆ, ಆ ಗಾಡಿ ಇವತ್ತು ಬಿಡಲ್ಲ. ನೀವೇ ಆ್ಯಪಲ್ಲಿ ಕ್ಯಾನ್ಸಲ್ ಮಾಡ್ಬಿಡಿ, ದುಡ್ಡು ವಾಪಸ್ ಬರುತ್ತೆ."

ಇವರು ನಂಬಿ ಕ್ಯಾನ್ಸಲ್ ಒತ್ತುತ್ತಾರೆ. ಅರ್ಧ ಬರುತ್ತದೆ, ಹೊರಡುವ ಹೊತ್ತು ಹತ್ತಿರವಾಗಿದ್ದರೆ ಏನೂ ಬರುವುದಿಲ್ಲ. ಯಾಕೆಂದರೆ ಒತ್ತಿದ ಮೇಲೆ ದಾಖಲೆಯಲ್ಲಿ ಉಳಿಯುವುದು 'ಪ್ರಯಾಣಿಕರಿಂದ ರದ್ದು' ಎಂಬ ಸಾಲು ಮಾತ್ರ. ಬಸ್ಸು ಬಿಡದ ತಪ್ಪು ಅಳಿಸಿಹೋಯಿತು, ಪ್ರಯಾಣ ಬೇಡವೆಂದವರು ನೀವಾದಿರಿ. ಅಂದು ಸಂಜೆ ಅದೇ ದಾರಿಗೆ ದುಪ್ಪಟ್ಟು ದರದಲ್ಲಿ ಸೀಟು ಮಾರುತ್ತಿದ್ದರೂ ಕೇಳಲು ನಿಮ್ಮ ಕೈಯಲ್ಲಿ ಟಿಕೆಟ್ಟೇ ಇರುವುದಿಲ್ಲ. ಇದು ಗುಮಾಸ್ತನ ಕೈತಪ್ಪಲ್ಲ, ಸೀಸನ್ನಿನ ವ್ಯಾಪಾರ.

ಆದ್ದರಿಂದ ಟಿಕೆಟ್ ರದ್ದು ಮಾಡಬೇಡಿ. ಫೋನು ಮಾಡಿದ ನಂಬರಿಗೆ, ಟಿಕೆಟ್ ಮಾರಿದ ಆ್ಯಪಿಗೆ ಒಂದು ಸಂದೇಶ ಕಳಿಸಿ: "ನಾನು ಪ್ರಯಾಣಕ್ಕೆ ಸಿದ್ಧನಿದ್ದೇನೆ. ನೀವು ಬಸ್ ರದ್ದು ಮಾಡಿದ್ದರೆ ಬರಹದಲ್ಲಿ ತಿಳಿಸಿ, ಪೂರ್ತಿ ಹಣ ಹಿಂತಿರುಗಿಸಿ." ಅದೇ ಹೊತ್ತಿಗೆ ಹೊಸ ದರದಲ್ಲಿ ಸೀಟು ತೋರಿಸುತ್ತಿದ್ದರೆ ಆ ಪರದೆಯ ಚಿತ್ರ ತೆಗೆದಿಡಿ. ಬೇರೆ ಬಸ್ಸಿಗೆ ಹೆಚ್ಚು ಕೊಟ್ಟು ಹೋದರೆ ಆ ಟಿಕೆಟ್ಟೂ ಇರಲಿ, ವ್ಯತ್ಯಾಸದ ಹಣ ಕೇಳಲು ಅದೇ ಆಧಾರ. ಆಗಲೇ ಕ್ಯಾನ್ಸಲ್ ಒತ್ತಿಬಿಟ್ಟಿದ್ದರೆ? ಕೇಸು ಕಷ್ಟವಾಗುತ್ತದೆ, ಸಾಯುವುದಿಲ್ಲ. ಒತ್ತುವುದಕ್ಕೆ ಸ್ವಲ್ಪ ಮೊದಲು ಅವರಿಂದ ಬಂದ ಕರೆಯ ದಾಖಲೆ ಫೋನಿನಲ್ಲಿದೆ. ಅದನ್ನು ಅಳಿಸಬೇಡಿ, ಫೋನು ಮಾರಬೇಡಿ.

ಬಸ್ಸು ರದ್ದಾಗದೆ ಬರೀ ತಡವಾದರೆ ಲೆಕ್ಕ ಬೇರೆ. ಮೂರು ಗಂಟೆ ತಡವಾದ ಬಸ್ಸನ್ನು ಹತ್ತಿ ಊರು ಸೇರಿದ ಮೇಲೆ ಪೂರ್ತಿ ದುಡ್ಡು ಕೇಳಿದರೆ ಯಾರೂ ಕೊಡಿಸುವುದಿಲ್ಲ. ಪರೀಕ್ಷೆ ತಪ್ಪಿತು, ಆಸ್ಪತ್ರೆಯ ಸರದಿ ತಪ್ಪಿತು ಎಂಬುದಕ್ಕೆ ಕಾಗದವಿದ್ದರೆ ಆ ನಷ್ಟಕ್ಕೆ ಪರಿಹಾರ ಕೇಳಬಹುದು. ಮಳೆಗಾಲದಲ್ಲಿ ಇನ್ನೊಂದು ತೊಡಕು. 2018 ಮತ್ತು 2019ರ ಆಗಸ್ಟಿನಲ್ಲಿ ಕಬಿನಿಯಿಂದ ನೀರು ಬಿಟ್ಟಾಗ ಮಲ್ಲನಮೂಲೆ ಮಠದ ಬಳಿ ಹೊಳೆ ರಸ್ತೆಗೇರಿ ಮೈಸೂರು–ನಂಜನಗೂಡು ಸಂಚಾರ ನಿಂತಿತ್ತು. ಅಂಥ ನೆರೆಗೆ ಬಸ್ಸಿನವರು ಹೊಣೆಯಲ್ಲ, ಪರಿಹಾರ ಸಿಗುವುದು ಕಷ್ಟ. ಆದರೆ ಕರೆದೊಯ್ಯದ ಪ್ರಯಾಣದ ದುಡ್ಡು ಅವರದಾಗುವುದಿಲ್ಲ. ಎಲ್ಲೋ ನಾಲ್ಕು ಹನಿ ಬಿದ್ದುದನ್ನೇ ನೆಪ ಮಾಡುವವರೂ ಇದ್ದಾರೆ. ಅಂದು ಅದೇ ರಸ್ತೆಯಲ್ಲಿ ಬೇರೆ ಬಸ್ಸುಗಳು ಓಡಿದವೇ ನೋಡಿ.

ನಂಜನಗೂಡಿನಿಂದ ಊಟಿ, ಸುಲ್ತಾನ್ ಬತ್ತೇರಿ ಕಡೆ ಹೋಗುವವರು ಗಡಿಯಾರವನ್ನೂ ನೋಡಬೇಕು. ಬಂಡೀಪುರ ಕಾಡಿನ ರಸ್ತೆಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ; ವಿನಾಯಿತಿ ಇರುವ ಬಸ್ಸುಗಳು ಬೆರಳೆಣಿಕೆಯಷ್ಟು. ದಸರಾ ದಟ್ಟಣೆಯಲ್ಲಿ ಸಂಜೆ ಬಸ್ಸು ತಡವಾಗಿ ಗುಂಡ್ಲುಪೇಟೆ ದಾಟಿದರೆ ಬೆಳಗಾಗುವ ತನಕ ಗೇಟಿನ ಬಳಿಯೇ. ಹೊರಡುವ ಸಮಯ ಮುಂದಕ್ಕೆ ಹಾಕಿದ್ದೇವೆ ಎಂದರೆ ಈ ಗಾಡಿಗೆ ರಾತ್ರಿ ವಿನಾಯಿತಿ ಇದೆಯೇ ಎಂದು ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ.

ಕೆಎಸ್‌ಆರ್‌ಟಿಸಿಯಲ್ಲಿ ಮುಂಗಡ ಕಾಯ್ದಿರಿಸಿದ ಬಸ್ಸನ್ನು ನಿಗಮವೇ ರದ್ದು ಮಾಡಿದರೆ ಪೂರ್ತಿ ಹಣ ಹಿಂತಿರುಗಬೇಕು. ಇಲ್ಲಿಯೂ ನೀವಾಗಿ ರದ್ದು ಮಾಡಿದರೆ ಕಡಿತ ಉಂಟು. ಕಷ್ಟವಿರುವುದು ಕಾಯ್ದಿರಿಸದ ಹಳ್ಳಿ ಬಸ್ಸುಗಳಲ್ಲಿ. ನಂಜನಗೂಡಿನ ದೊಡ್ಡ ಜಾತ್ರೆ, ಮಹದೇಶ್ವರ ಬೆಟ್ಟದ ಶಿವರಾತ್ರಿ, ಮೂರು ವರ್ಷಕ್ಕೊಮ್ಮೆ ತಿರುಮಕೂಡಲಿನ ಕುಂಭಮೇಳ ಬಂತೆಂದರೆ ಬಸ್ಸುಗಳು ವಿಶೇಷ ಸಾರಿಗೆಗೆ ಹೋಗುತ್ತವೆ, ಊರಿನ ಬೆಳಗಿನ ಟ್ರಿಪ್ಪು ಮಾಯ. ವಿಚಾರಣೆ ಕಿಟಕಿಯಲ್ಲಿ ಕೇಳಿದರೆ "ಬರುತ್ತೆ ಹೋಗ್ರಿ" ಎಂಬ ಉತ್ತರ. ಟಿಕೆಟ್ಟೇ ಇಲ್ಲದವರು ಗ್ರಾಹಕ ಆಯೋಗಕ್ಕೆ ಹೋಗಿ ಪ್ರಯೋಜನವಿಲ್ಲ. ಪಾಸಿಗೆ ದುಡ್ಡು ಕಟ್ಟಿದ ವಿದ್ಯಾರ್ಥಿಯ ಮಾತು ಬೇರೆ, ಆತ ಗ್ರಾಹಕ. ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಹಿಡಿದ ಹೆಣ್ಣುಮಕ್ಕಳನ್ನು "ಪುಕ್ಕಟೆ ಬರೋರು" ಎಂದು ಗದರುವವರಿಗೆ ಸರ್ಕಾರ ಆ ದುಡ್ಡನ್ನು ನಿಗಮಕ್ಕೆ ಕಟ್ಟುತ್ತದೆಂದು ಹೇಳಿ.

ಟಿಕೆಟ್ಟೂ ಪಾಸೂ ಇಲ್ಲದ ಉಳಿದವರು ಘಟಕ ವ್ಯವಸ್ಥಾಪಕರಿಗೆ ಊರವರ ಸಹಿಯ ಅರ್ಜಿ ಕೊಟ್ಟು, ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳಿ. ಮೊಹರಿಲ್ಲದ ಅರ್ಜಿ ಕೊಟ್ಟೂ ಕೊಡದಂತೆ. ಆಮೇಲೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕದೊಂದಿಗೆ, ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ನಮ್ಮ ಮಾರ್ಗದ ಯಾವ ಯಾವ ಟ್ರಿಪ್ ರದ್ದಾಗಿದೆ, ಯಾರ ಆದೇಶದಿಂದ ಎಂದು ಕೇಳಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಲಿ. ಇಲ್ಲವಾದರೆ ಅದನ್ನೇ ನೆಪ ಮಾಡಿ ಹಿಂದಕ್ಕೆ ಕಳಿಸುತ್ತಾರೆ. ಉತ್ತರಕ್ಕೆ 30 ದಿನ. ಬರದಿದ್ದರೆ ಮೇಲ್ಮನವಿ.

ಹಣದ ಜಗಳ ಫೋನಿನಲ್ಲಿ ಮುಗಿಯದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗ. ಕಂಪನಿ ಹೈದರಾಬಾದಿನದಾದರೂ, ಟಿಕೆಟ್ಟಿನ ಅಡಿಯಲ್ಲಿ 'ಬೆಂಗಳೂರು ವ್ಯಾಪ್ತಿಗೆ ಮಾತ್ರ' ಎಂದು ಇರುವೆಯಂಥ ಅಕ್ಷರದಲ್ಲಿ ಅಚ್ಚಾಗಿದ್ದರೂ ಬೆಚ್ಚಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಬಸ್ ಟಿಕೆಟ್ಟು ಅಷ್ಟಾಗುವುದಿಲ್ಲ. ವಕೀಲರೇ ಬೇಕೆಂದಿಲ್ಲ, ಇದನ್ನು ವಕೀಲನಾಗಿಯೇ ಹೇಳುತ್ತಿದ್ದೇನೆ. ಆದರೆ ಟಿಕೆಟ್ ಮಾರಿದ ಆ್ಯಪ್ ಅಥವಾ ಏಜೆಂಟ್, ಬಸ್ಸಿನ ಮಾಲೀಕ, ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರನ್ನು ಬಿಟ್ಟರೆ ಸಿಕ್ಕಿಕೊಂಡವರು ಬಿಟ್ಟವರತ್ತ ಬೊಟ್ಟು ಮಾಡುತ್ತಾರೆ. ದರ ಹೆಚ್ಚಾಯಿತೆಂಬ ಒಂದೇ ದೂರಿದ್ದರೆ ಆರ್‌ಟಿಒಗೆ ಬರೆಯಿರಿ, ಆಯೋಗದಲ್ಲಿ ಅದೊಂದೇ ನಿಲ್ಲುವುದು ಕಷ್ಟ.

ದೂರಿಗೆ ಗಡುವು ಎರಡು ವರ್ಷ. ದೂರು ಬರೆಸಿಕೊಡುತ್ತೇನೆಂದು ಸಾವಿರಗಟ್ಟಲೆ ಕೇಳುವ ಮಧ್ಯವರ್ತಿಗಳಿಗೆ ಬಿಡಿಗಾಸು ಕೊಡಬೇಡಿ. ನಂಜನಗೂಡು, ತಿ. ನರಸೀಪುರ ಎರಡೂ ಕಡೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ ಆದಾಯ ನೋಡದೆ, ಉಳಿದ ಬಡವರಿಗೆ ಆದಾಯ ಮಿತಿಯೊಳಗೆ, ಅಲ್ಲಿ ನೆರವು ಉಚಿತ. ಕಾನೂನು ನೆರವಿನ ಸಹಾಯವಾಣಿ 15100.