ಹಿತ್ತಲಿನ ಸೊಪ್ಪು ಮತ್ತು ಶ್ರಾವಕರ ವಿವೇಕ

ಬುಕ್ಕಾಂಬುಧಿಯ ಹೆಸರಿನಲ್ಲಿ ಅಂಬುಧಿಯಿದೆ. ಆದರೆ ಅಜ್ಜಂಪುರದ ಸುತ್ತಣ ಈ ಸೀಮೆಯು ಮಲೆನಾಡಿನ ಮಳೆಯನ್ನು ಕಾಣದ ಬಯಲು. ಮುಂಗಾರಿನ ನಾಲ್ಕು ಹನಿ ಬಿದ್ದೊಡನೆ ಇಂತಹ ಊರುಗಳ ಹಿತ್ತಲುಗಳಲ್ಲಿ ಹರಿವೆ, ದಂಟು, ಮೆಂತ್ಯ, ಸಬ್ಬಸಿಗೆಗಳು ಮೇಲೇಳುತ್ತವೆ. ಚಾತುರ್ಮಾಸವೂ ಅದೇ ವೇಳೆಗೆ ಬರುತ್ತದೆ. ‘ಮನೆಯಲ್ಲಿಯೇ ಬೆಳೆದದ್ದಲ್ಲವೇ, ದೋಷವೇನು?’ ಎಂಬ ಗೃಹಿಣಿಯರ ಪ್ರಶ್ನೆ ತಳ್ಳಿಹಾಕತಕ್ಕದ್ದಲ್ಲ.

ವನಸ್ಪತಿಯು ಏಕೇಂದ್ರಿಯ ಜೀವ. ಅದರ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರನು. ಅಣುವ್ರತಿಯು ಬಿಡಬೇಕಾದುದು ಸಂಕಲ್ಪಪೂರ್ವಕವಾದ ತ್ರಸಹಿಂಸೆ. ಮಳೆಗಾಲದ ಎಲೆಯ ಅಡಿಯಲ್ಲಿ ಅಂಟಿಕೊಂಡ ಮೊಟ್ಟೆ, ಸಣ್ಣ ಹುಳುಗಳೇ ಆ ತ್ರಸಗಳು. ಸೊಪ್ಪು ಯಾರ ಹಿತ್ತಲಿನದಾದರೂ ಅವು ಇರುತ್ತವೆ. ಮಳೆಗಾಲದಲ್ಲಿ ಎಲೆಯ ಸೊಪ್ಪನ್ನೇ ಬಿಡುವ ನಿಯಮಕ್ಕೆ ಕಾರಣವಿದು.

ಸೊಪ್ಪನ್ನು ಬಳಸುವ ಕಾಲದಲ್ಲಿಯೂ ಎಲ್ಲ ಎಲೆಯೂ ಒಂದೇ ಅಲ್ಲ. ಹತ್ತನೆಯ ಶತಮಾನದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಅನಂತ ನಿಗೋದಜೀವಗಳಿಗೆ ಆಶ್ರಯವಾದ ವನಸ್ಪತಿಯ ಗುರುತುಗಳನ್ನು ಹೇಳಿದ್ದಾರೆ: ನರ, ಸಂಧಿ, ಗಿಣ್ಣುಗಳು ಕಾಣದಿರುವುದು, ಮುರಿದರೆ ನಾರಿಲ್ಲದೆ ಸಮನಾಗಿ ಮುರಿಯುವುದು, ಕತ್ತರಿಸಿದರೂ ಮತ್ತೆ ಚಿಗುರುವುದು. ಇದನ್ನು ಕೈಯಿಂದಲೇ ಪರೀಕ್ಷಿಸಬಹುದು. ದಂಟಿನ ತೀರ ಎಳೆಯ ಕುಡಿ ಟಕ್ಕನೆ ಮುರಿಯುತ್ತದೆ. ಬಲಿತ ದಂಟಿನಲ್ಲಿ ನಾರು ಎಳೆಯುತ್ತದೆ, ಎಲೆಯ ನರ ಸ್ಪಷ್ಟವಾಗಿ ಕಾಣುತ್ತದೆ. ನಾಲಿಗೆಗೆ ರುಚಿಸುವುದು ಎಳೆಯದು, ವಿವೇಕಕ್ಕೆ ಒಪ್ಪುವುದು ಬಲಿತದ್ದು! ಬಸಳೆಯ ಬಳ್ಳಿಯ ತುಂಡನ್ನು ನೆಟ್ಟರೆ ಚಿಗುರುವುದರಿಂದ ಅದರ ವಿಷಯದಲ್ಲಿ ವ್ರತಿಕರು ಸಂಕೋಚಪಡುವುದು ಸಹಜವೇ.

ಕೊಯ್ಯುವ ರೀತಿಯೂ ಮುಖ್ಯ. ಲೇಶ್ಯೆಗಳ ನಿರೂಪಣೆಯಲ್ಲಿ ಬರುವ ಆರು ದಾರಿಗರ ದೃಷ್ಟಾಂತವನ್ನು ವಾಚಕರು ಬಲ್ಲರು. ಹಸಿದವರಲ್ಲಿ ಒಬ್ಬನು ಮರವನ್ನು ಬುಡಸಹಿತ ಕೀಳಬೇಕೆಂದನು; ಕೊನೆಯವನಿಗೆ ತಾನಾಗಿ ಉದುರಿದ ಹಣ್ಣೇ ಸಾಕಾಯಿತು. ಸಂತೆಯ ಕಟ್ಟಿನಲ್ಲಿ ಸೊಪ್ಪು ಬಹುಮಟ್ಟಿಗೆ ಬೇರುಸಹಿತ ಬರುತ್ತದೆ; ಅಲ್ಲಿ ನಮಗೆ ಆಯ್ಕೆಯಿಲ್ಲ. ಹಿತ್ತಲಿನಲ್ಲಿಯಾದರೆ ಗಿಡವನ್ನು ಉಳಿಸಿ, ಆ ದಿನಕ್ಕೆ ಬೇಕಾದಷ್ಟೇ ಹೊರ ಎಲೆಗಳನ್ನು ಬಿಡಿಸಬಹುದು. ಮನೆಯ ಬೆಳೆಯಿಂದಾಗುವ ನಿಜವಾದ ಲಾಭ ಇದೇ ಎಂದು ನನ್ನ ಅಭಿಪ್ರಾಯ.

ಕೊಯ್ಯುವುದು ಬಿಸಿಲೇರಿ ಇಬ್ಬನಿ ಆರಿದ ಮೇಲೆ. ಒಂದೊಂದೇ ಎಲೆಯನ್ನು ಬೆಳಕಿಗೆ ಹಿಡಿದು ಎರಡೂ ಬದಿ ನೋಡಬೇಕು. ಹುಳು ಕಂಡರೆ ಎಲೆಯೊಡನೆ ಅದನ್ನು ಗಿಡದ ನೆರಳಿಗೇ ಬಿಡಬೇಕು. ತೂತು ಬಿದ್ದ ಎಲೆ ಬೇಡ. ಸೋಸಿದ ನೀರಿನಲ್ಲಿ ತೊಳೆದು, ಬೇಳೆಯೊಡನೆ ಬೇಯಿಸಿ ಬಸಿದರೆ ಬಸ್ಸಾರಿಗೆ ಕಟ್ಟು, ಪಲ್ಯಕ್ಕೆ ಸೊಪ್ಪು ಎರಡೂ ದೊರೆಯುತ್ತವೆ. ಈರುಳ್ಳಿ ಬೆಳ್ಳುಳ್ಳಿಗಳಿಲ್ಲದೆ ಜೀರಿಗೆ, ಮೆಣಸು, ಒಣಕೊಬ್ಬರಿ, ಹುಣಸೆಹುಳಿಗಳಿಂದಲೇ ಸಾರು ರುಚಿಯಾಗುತ್ತದೆ. ಬೇಳೆಯಿರುವ ಅಡಿಗೆಗೆ ಕಾಯಿಸದ ಮಜ್ಜಿಗೆ ಬೆರೆತರೆ ದ್ವಿದಳದ ದೋಷ. ಊಟದ ಎಲೆಯ ಮೇಲೆ ಇದನ್ನು ಮರೆಯುವವರೇ ಹೆಚ್ಚು. ಸೂರ್ಯಾಸ್ತದೊಳಗೆ ಮುಗಿಯುವಷ್ಟೇ ಬೇಯಿಸಬೇಕು.

ಐದನೆಯ ಪ್ರತಿಮೆಯಾದ ಸಚಿತ್ತತ್ಯಾಗದಲ್ಲಿ ಸಮಂತಭದ್ರಾಚಾರ್ಯರು ಹಸಿಯಾದ ಬೇರು, ಹಣ್ಣು, ಸೊಪ್ಪುಗಳನ್ನು ತಿನ್ನದವನನ್ನು ಹೇಳಿದ್ದಾರೆ. ಬೇಯಿಸಿದ್ದು ಪ್ರಾಸುಕವಾಗುವುದರಿಂದ ಅವನಿಗೆ ನಿಷಿದ್ಧವಲ್ಲ. ಆದರೆ ಅಷ್ಟಮಿ ಚತುರ್ದಶಿಗಳಲ್ಲಿ ಹಸಿರನ್ನೇ ಬಿಡುವ ನಿಯಮ ತೊಟ್ಟವರಿಗೆ ಬೆಂದ ಸೊಪ್ಪೂ ಇಲ್ಲ. ತ್ರಯೋದಶಿಯಂದೇ ಕೊಯ್ದಿಟ್ಟು ‘ಇಂದು ಕೊಯ್ದದ್ದಲ್ಲ’ ಎನ್ನುವುದು ನಿಯಮದ ಅಕ್ಷರಕ್ಕೂ ಒಪ್ಪದು. ಆ ದಿನ ತೊಗರಿಬೇಳೆಯ ಸಾರು ಸಾಕು. ಹಿತ್ತಲಿನ ಗಿಡಕ್ಕೆ ನೀರು ಹಾಕಿ ಬಂದರಾಯಿತು.